ಗೋಡೌನ್ ಸ್ಟಾಕ್‌ಗೆ ಬೆಲೆ ಕಟ್ಟುವ ಸಾಫ್ಟ್‌ವೇರ್: ಲೆಕ್ಕ ಪಕ್ಕಾ, ಬೀಗ ಮಾತ್ರ ನೀವೇ ಹಾಕಬೇಕು

ಗೋಡೌನಿನ ಸ್ಟಾಕ್ ಲೆಕ್ಕ ಮುಗಿಸಿ ಆಡಿಟರ್ ಮುಂದೆ ಇಡುವುದು ನನ್ನ ಕೆಲಸ. ಅದಕ್ಕೆ ಈಗ ಬಳಸುತ್ತಿರುವ ಸಾಫ್ಟ್‌ವೇರ್ ಬಗ್ಗೆ ಬರೆಯುತ್ತಿದ್ದೇನೆ. ಬೈಯುವುದೂ ಇದೆ, ಹಾಗಾಗಿ ಹೆಸರು ಬೇಡ.

ಡೆಮೊದಲ್ಲಿ ಬಣ್ಣಬಣ್ಣದ ಗ್ರಾಫ್ ತೋರಿಸುತ್ತಾರೆ. ಆಮೇಲೆ ನಾನದನ್ನು ತೆರೆದೇ ಇಲ್ಲ. ಇಂಥ ಸಾಫ್ಟ್‌ವೇರ್ ಕೈಗೆ ಬಂದರೆ ನಾನು ಮೊದಲು ನೋಡುವುದು ಮೈನಸ್ ಸ್ಟಾಕ್, ಅಂದರೆ ಪುಸ್ತಕದ ಲೆಕ್ಕದಲ್ಲಿ ಮಾಲು ಸೊನ್ನೆಗಿಂತ ಕೆಳಗೆ ಇಳಿಯುವುದು. ಮಾಲು ಬಂದು ಇಳಿದಿರುತ್ತದೆ, ಮಾರಾಟವೂ ಆಗಿರುತ್ತದೆ, ಖರೀದಿ ಬಿಲ್ ಮಾತ್ರ ಯಾರದೋ ಮೇಜಿನ ಮೇಲೆ ಬಿದ್ದಿರುತ್ತದೆ. ಎಲ್ಲ ಕಡೆ ನಡೆಯುವುದೇ ಇದು, ಅಲ್ವಾ?

ಪುಸ್ತಕದಲ್ಲಿ ಸ್ಟಾಕ್ ಸೊನ್ನೆ ಇದೆ ಅಂದುಕೊಳ್ಳಿ. 50 ಪೀಸ್ ಮಾರಿದಿರಿ. ಸಾಫ್ಟ್‌ವೇರ್ ಹಳೆಯ ದರ 10 ಹಿಡಿದು 500 ಕಳೆಯುತ್ತದೆ. ಆಮೇಲೆ 100 ಪೀಸ್ ಖರೀದಿ, 12ರ ದರದಲ್ಲಿ 1,200. ಈಗ ಉಳಿದದ್ದು 50 ಪೀಸ್, ಬೆಲೆ 700. ಅಂದರೆ ಪೀಸಿಗೆ 14! 12ಕ್ಕೆ ಕೊಂಡ ಮಾಲು ಕೂತಲ್ಲೇ 14 ಆಯಿತು. ಪ್ರತಿ ಖರೀದಿಗೂ ಸರಾಸರಿ ದರವನ್ನು ಹೊಸದಾಗಿ ಲೆಕ್ಕ ಹಾಕುವ ಮೂವಿಂಗ್ ಆವರೇಜ್‌ನಲ್ಲಿ ಈ ಕಿತಾಪತಿ ಮಾಮೂಲು. ಈ ಸಾಫ್ಟ್‌ವೇರ್‌ನಲ್ಲೂ ಮೊದಲು 14 ಅಂತಲೇ ಬರುತ್ತದೆ. ಆದರೆ ಮರುಲೆಕ್ಕದ ಬಟನ್ ಒತ್ತಿದರೆ ಮಾರಿದ 50ಕ್ಕೂ 12ರ ದರ ಹಾಕಿ, ಸ್ಟಾಕನ್ನು 600ಕ್ಕೆ ತಂದು ನಿಲ್ಲಿಸುತ್ತದೆ. ನನಗೆ ಹಿಡಿಸಿದ್ದು ಇದೇ.

ಸಿಟ್ಟು ಬರುವುದೂ ಅದೇ ಬಟನ್ ಮೇಲೆ. ಹಳೆಯ ತಿಂಗಳನ್ನು ಲಾಕ್ ಮಾಡದಿದ್ದರೆ ಅದು ಹಿಂದಕ್ಕೆ ಹೋಗಿ ಅಲ್ಲಿನ ಲೆಕ್ಕವನ್ನೂ ಬದಲಿಸುತ್ತದೆ. ಒಂದು ಎಚ್ಚರಿಕೆಯ ಮಾತೂ ಇಲ್ಲ. ವರದಿ ಕೊಟ್ಟಾದ ಮೇಲೆ ಕ್ಲೋಸಿಂಗ್ ಸ್ಟಾಕ್ (ಕೊನೆಗೆ ಉಳಿದ ಮಾಲಿನ ಬೆಲೆ) ಬದಲಾದರೆ ಲಾಭವೂ ಬದಲಾಗುತ್ತದೆ, ಆಮೇಲೆ ಉತ್ತರ ಹೇಳುವವರು ಯಾರು? ತಾನಾಗಿ ಲಾಕ್ ಆಗುವ ಸೌಲಭ್ಯ ಇರಲೇಬೇಕಿತ್ತು.

ಮೊದಲು ಬಂದ ಮಾಲು ಮೊದಲು ಹೋಯಿತು ಎಂದು ಲೆಕ್ಕ ಹಾಕುವ ಫಿಫೊ, ಎಲ್ಲ ಖರೀದಿಯ ಸರಾಸರಿ ದರ ಹಿಡಿಯುವ ವೇಯ್ಟೆಡ್ ಆವರೇಜ್, ಎರಡೂ ಸರಿಯಾಗಿವೆ. 10ರಂತೆ 100, 12ರಂತೆ 100 ಕೊಂಡು 120 ಮಾರಿ ನೋಡಿದೆ. ಉಳಿದ 80ಕ್ಕೆ ಫಿಫೊ 960 ಕೊಟ್ಟಿತು, ಆವರೇಜ್ 880. ಕೊನೆಗೆ ಬಂದದ್ದು ಮೊದಲು ಹೋಯಿತು ಎನ್ನುವ ಲಿಫೊ ಕೂಡ ಪಟ್ಟಿಯಲ್ಲಿದೆ. ಅಂತರರಾಷ್ಟ್ರೀಯ ಲೆಕ್ಕ ಮಾನದಂಡ ಐಎಎಸ್ 2 ಅದನ್ನು ಒಪ್ಪುವುದಿಲ್ಲ, ಅಮೆರಿಕದ ನಿಯಮ ಒಪ್ಪುತ್ತದೆ. ಸುಮ್ನೆ ಕ್ಲಿಕ್ ಮಾಡಬೇಡಿ.

ಸಾಗಣೆ ಖರ್ಚನ್ನು ತೂಕದ ಮೇಲೋ ಬೆಲೆಯ ಮೇಲೋ ಹಂಚಿ ಮಾಲಿನ ದರಕ್ಕೆ ಸೇರಿಸಬಹುದು. ಭಾರದ ಮಾಲು, ಹಗುರದ ಮಾಲು ಒಟ್ಟಿಗೆ ತರಿಸುವವರಿಗೆ ಇದು ದೊಡ್ಡ ಉಪಕಾರ. ಆದರೆ ಗೋಡೌನ್ ಬಾಡಿಗೆ ಸೇರಿಸುವ ಆಯ್ಕೆಗೂ ಮೊದಲೇ ಟಿಕ್ ಹಾಕಿ ಇಟ್ಟಿದ್ದಾರೆ. ಕೊಂಡು ಮಾರುವ ಮಾಲಿಗೆ ಆ ಬಾಡಿಗೆ ಸೇರಬಾರದು, ಅದು ಆಯಾ ತಿಂಗಳ ಖರ್ಚು. ಟಿಕ್ ತೆಗೆಯಿರಿ.

ಮಾಲು ಎಷ್ಟು ದಿನದಿಂದ ಕೂತಿದೆ ಎಂದು ತೋರಿಸುವ ಏಜಿಂಗ್ ವರದಿ ಚೆನ್ನಾಗಿದೆ. ಲಾಟ್ ಪ್ರಕಾರ ಬರುತ್ತದೆ, ಯಾವ ರ‍್ಯಾಕ್ ಅಂತಲೂ ಹೇಳುತ್ತದೆ. ಮಾರಾಟ ಖರ್ಚು ಕಳೆದು ಕೈಗೆ ಬರುವ ಮೊತ್ತ ಕೊಂಡ ದರಕ್ಕಿಂತ ಕಡಿಮೆಯಿದ್ದರೆ ಬೆಲೆ ಇಳಿಸಬೇಕಲ್ಲ, ಆ ಕಾಲಂ ಮಾತ್ರ ಖಾಲಿ ಬಿಟ್ಟಿದ್ದಾರೆ. ಮಾರಾಟದವರನ್ನು ಕೇಳಿ ನಾವೇ ತುಂಬಬೇಕು. ಅದು ಸರಿಯೇ ಅನ್ನಿ. ಆರು ತಿಂಗಳು ದಾಟಿದ್ದಕ್ಕೆಲ್ಲ ಕಣ್ಣುಮುಚ್ಚಿ ಅರ್ಧ ಬೆಲೆ ಹಾಕುವ ಸಾಫ್ಟ್‌ವೇರ್‌ಗಿಂತ ಇದು ವಾಸಿ.

ಬಾಕ್ಸ್‌ನಲ್ಲಿ ಕೊಂಡು ಪೀಸ್‌ನಲ್ಲಿ ಮಾರುವವರು ಇನ್ನೊಂದು ವಿಷಯ ಗಮನಿಸಿ. ಪೀಸಿನ ದರವನ್ನು ಇದು ಎರಡೇ ದಶಾಂಶಕ್ಕೆ ನಿಲ್ಲಿಸುತ್ತದೆ. 100ರ ಬಾಕ್ಸ್‌ನಲ್ಲಿ 144 ಪೀಸ್ ಇದ್ದರೆ ದರ 0.69, ಗುಣಿಸಿದರೆ 99.36. ಉಳಿದ 0.64 ಪ್ರತಿ ಬಾಕ್ಸ್‌ಗೂ ವ್ಯತ್ಯಾಸದ ಖಾತೆಗೆ ಹೋಗಿ ಸೇರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ನಾಲ್ಕು ದಶಾಂಶ ಮಾಡಿಕೊಳ್ಳಬಹುದು, ಆದರೆ ಮೊದಲ ಎಂಟ್ರಿಗೂ ಮುಂಚೆ ಮಾತ್ರ.