ಲಾಗಿನ್ ಆಯ್ತು, ಫೋಲ್ಡರ್ ಬರಲಿಲ್ಲ: ವಿನ್‌ಎಸ್‌ಸಿಪಿ ಬಳಸಿ ನೋಡಿದ್ದು

ಆಫೀಸಿನ ತಿಂಗಳ ಪತ್ರಿಕೆಗೆ ಪುಟ ಕಟ್ಟುವುದು ನನ್ನ ಕೆಲಸ. ಕೊನೆಗೆ 400 ಎಂಬಿ ಪಿಡಿಎಫ್ ಆಗುತ್ತದೆ, ಅದು ಪ್ರೆಸ್‌ನವರ ಸರ್ವರ್‌ಗೆ ಹೋಗಬೇಕು. ಮೇಲ್ ಅಷ್ಟು ಭಾರ ಹೊರುವುದಿಲ್ಲ. ಪೆನ್‌ಡ್ರೈವ್ ನಮ್ಮಲ್ಲಿ ಬಂದ್. ಉಳಿದಿದ್ದು ಎಫ್‌ಟಿಪಿ, ಅಂದರೆ ನೆಟ್‌ನಲ್ಲಿ ಫೈಲನ್ನು ನೇರ ಸರ್ವರ್‌ಗೆ ಕಳಿಸುವ ಹಳೇ ವಿಧಾನ.

ಐಟಿಯವರನ್ನು ಕಾಡಿ ಬೇಡಿ ಅದಕ್ಕೆ ಬೇಕಾದ 21ನೇ ಪೋರ್ಟ್ (ನೆಟ್‌ವರ್ಕ್‌ನ ಒಂದು ಬಾಗಿಲು ಅನ್ನಿ) ತೆರೆಸಿದೆ. ಫೈಲು ಕಳಿಸುವ ಪ್ರೋಗ್ರಾಂ ವಿನ್‌ಎಸ್‌ಸಿಪಿ, ಪಾಸ್‌ವರ್ಡ್ ಸರಿ ಅಂತು. ಆಮೇಲೆ ಫೋಲ್ಡರ್ ಪಟ್ಟಿ ಬರಬೇಕಲ್ವಾ? ಸ್ವಲ್ಪ ಹೊತ್ತು ಸುಮ್ನೆ ಕೂತು 'ಟೈಮ್‌ಔಟ್, ಡೇಟಾ ಕನೆಕ್ಷನ್' ಅಂತು. ನಾಲ್ಕು ಸಲ ಮಾಡಿದರೂ ಅದೇ. "21 ಓಪನ್ ಇದೆಯಲ್ಲ ಮೇಡಂ, ಇನ್ನೇನು?" ಅಂದರು ಐಟಿ ಹುಡುಗ.

ಆ 'ಡೇಟಾ ಕನೆಕ್ಷನ್' ಅನ್ನುವುದರಲ್ಲೇ ಇತ್ತು ಗುಟ್ಟು. ಎಫ್‌ಟಿಪಿಯಲ್ಲಿ 21ರ ಮೇಲೆ ಬರೀ ಮಾತುಕತೆ. ಪಟ್ಟಿ, ಫೈಲು ಎಲ್ಲ ಬೇರೆ ಕನೆಕ್ಷನ್‌ನಲ್ಲಿ. ಆ್ಯಕ್ಟಿವ್ ಮೋಡ್‌ನಲ್ಲಿ ಸರ್ವರೇ ನಮ್ಮ ಕಡೆ ಬರುತ್ತದೆ, ಪ್ಯಾಸಿವ್‌ನಲ್ಲಿ ಅದು ಹೇಳಿದ ಪೋರ್ಟಿಗೆ ನಾವು ಹೋಗಬೇಕು. ಆ ನಂಬರ್ ಒಂದೊಂದು ಸಲ ಒಂದೊಂದು, ನಮ್ಮಲ್ಲಿ ತೆರೆದಿದ್ದು 21 ಮಾತ್ರ. ಕೆಲವು ಫೈರ್‌ವಾಲ್‌ಗಳು (ನೆಟ್‌ವರ್ಕ್‌ನ ಕಾವಲುಗಾರರು) ಆ ಮಾತು ಕದ್ದು ಕೇಳಿ ದಾರಿ ಬಿಡುತ್ತವೆ. ಆದರೆ ಪ್ರೆಸ್‌ನವರದ್ದು ಎಫ್‌ಟಿಪಿಎಸ್, ಅಂದರೆ ಗುಟ್ಟು ಕಾಯುವ ಎಫ್‌ಟಿಪಿ; ಮಾತೇ ಎನ್‌ಕ್ರಿಪ್ಟ್ ಆಗಿದೆ, ಕದ್ದು ಕೇಳುವುದೆಲ್ಲಿ! ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂದಹಾಗೆ.

ಪ್ರೆಸ್‌ನವರ ಹತ್ತಿರ ಎಸ್‌ಎಫ್‌ಟಿಪಿ ಕೂಡ ಇತ್ತು. ಹೆಸರು ಹತ್ತಿರ, ವಂಶ ಬೇರೆ: ಇದು ದೂರದ ಕಂಪ್ಯೂಟರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗಿಸುವ ಎಸ್‌ಎಸ್‌ಎಚ್ ಮನೆಯದು. ಲಾಗಿನ್, ಪಟ್ಟಿ, ಫೈಲು ಮೂರೂ 22ನೇ ಪೋರ್ಟ್ ಒಂದರಲ್ಲೇ. ಆ ಒಂದು ಸರ್ವರ್‌ಗೆ ಮಾತ್ರ 22 ತೆಗೆಯಲು ಐಟಿಯವರೂ ತಕರಾರು ಮಾಡಲಿಲ್ಲ. ವಿನ್‌ಎಸ್‌ಸಿಪಿಯಲ್ಲಿ ನಾನು ಮಾಡಿದ್ದಿಷ್ಟೇ: ಪ್ರೋಟೋಕಾಲ್ ಅನ್ನುವ ಜಾಗದಲ್ಲಿ ಎಸ್‌ಎಫ್‌ಟಿಪಿ ಆರಿಸಿದೆ. ಮೊದಲ ಸಲ ಸರ್ವರ್‌ನ ಫಿಂಗರ್‌ಪ್ರಿಂಟ್ (ಅದರ ಗುರುತಿನ ಅಕ್ಷರಗಳ ಸಾಲು) ತೋರಿಸಿ 'ನಂಬಲಾ?' ಅಂತ ಕೇಳಿತು. ಕಣ್ಣು ಮುಚ್ಚಿ ಒಪ್ಪಬೇಡಿ. ನಾನು ಪ್ರೆಸ್‌ಗೆ ಫೋನ್ ಮಾಡಿ "ಕ್ಯಾಪಿಟಲ್ ಕೆ, ಸ್ಮಾಲ್ ಕ್ಯೂ..." ಅಂತ ಪೂರ್ತಿ ಓದಿಸಿಕೊಂಡೆ. ಪಕ್ಕದ ಟೇಬಲ್‌ನವರು ನಕ್ಕರು, ನಗಲಿ.

ಎರಡನೇ ತಿಂಗಳು 300 ಎಂಬಿ ಹೋಗಿದ್ದಾಗ ಕರೆಂಟ್ ಹೋಯ್ತು. ಎದೆ ಧಸಕ್ ಅಂತು. ನೋಡಿದರೆ ಸರ್ವರ್‌ನಲ್ಲಿ ಫೈಲಿನ ಹೆಸರಿಗೆ 'ಫೈಲ್‌ಪಾರ್ಟ್' ಅಂತ ಬಾಲ ಅಂಟಿಕೊಂಡು ಅರ್ಧಂಬರ್ಧ ಫೈಲು ಹಾಗೇ ಕೂತಿತ್ತು. ಮತ್ತೆ ಕಳಿಸಿದಾಗ ನಿಂತಲ್ಲಿಂದಲೇ ಮುಂದುವರಿಯಿತು. ಇದೊಂದಕ್ಕೇ ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಪುಕ್ಕಟೆ ಬೇರೆ.

ಒಂದು ಸ್ಟಾರ್ ಕಡಿಮೆ ಯಾಕೆ ಅಂದರೆ, ಇದು ವಿಂಡೋಸ್‌ಗೆ ಮಾತ್ರ. ಮುಖಪುಟ ಮಾಡುವ ಗೆಳತಿಯದು ಮ್ಯಾಕ್. ಅವಳ ಪುಟ ಈಗಲೂ ನನ್ನ ಸಿಸ್ಟಮ್‌ಗೆ ಬಂದೇ ಪ್ರೆಸ್‌ಗೆ ಹೋಗುತ್ತದೆ, ಅದೂ ನಾನು ಮನೆಗೆ ಹೊರಡುವ ಹೊತ್ತಿಗೆ.