ಒಂದೇ ಗುಂಪಾ, ಎರಡು ಗುಂಪಾ?

ಮನೋವಿಜ್ಞಾನದ ಪ್ರಾಜೆಕ್ಟ್‌ಗೆ ಡಿಸೈನ್ (ಒಂದೇ ಗುಂಪನ್ನು ಎರಡು ಸಲ ಅಳೆಯುವುದೋ, ಬೇರೆ ಬೇರೆ ಜನರ ಎರಡು ಗುಂಪು ಮಾಡುವುದೋ ಅನ್ನುವುದು) ಆರಿಸುವ ಮುಂಚೆ ಎಷ್ಟು ಜನ ಸಿಗುತ್ತಾರೆ ನೋಡಿಕೊಳ್ಳಿ. ಮಧ್ಯಮ ಗಾತ್ರದ ವ್ಯತ್ಯಾಸ, ಅಂದರೆ ಕೋಹೆನ್ ಡಿ (ಸರಾಸರಿಗಳ ಅಂತರವನ್ನು ಅಂಕಗಳ ಹರಡುವಿಕೆಯಿಂದ ಭಾಗಿಸಿದ್ದು) 0.5, ಹಿಡಿಯಲು 5% ಮಟ್ಟದಲ್ಲಿ (ಇಲ್ಲದ ವ್ಯತ್ಯಾಸವನ್ನು ಇದೆ ಅನ್ನುವ ಅಪಾಯ 5%) 80% ಪವರ್ (ನಿಜವಾಗಿ ಇರುವ ವ್ಯತ್ಯಾಸ ಸಿಕ್ಕಿಬೀಳುವ ಸಾಧ್ಯತೆ) ಬೇಕಿದ್ದರೆ ಎರಡು ಗುಂಪಿಗೆ ಒಟ್ಟು 128 ಜನ ಬೇಕು. ಅದೇ ಜನರನ್ನು ಎರಡು ಸಲ ಅಳೆದರೆ, ಆ ಎರಡು ಅಳತೆಗಳ ಸಹಸಂಬಂಧ (ಒಂದರಲ್ಲಿ ಮುಂದಿರುವವರು ಇನ್ನೊಂದರಲ್ಲೂ ಎಷ್ಟರ ಮಟ್ಟಿಗೆ ಮುಂದಿರುತ್ತಾರೆ ಅನ್ನುವುದು) 0.5 ಇದ್ದಾಗ, 34 ಸಾಕು!

ಸ್ಟ್ರೂಪ್ ಪರೀಕ್ಷೆಗೆ ಒಂದೇ ಗುಂಪು ವಾಸಿ. ‘ಕೆಂಪು’ ಅನ್ನುವ ಪದವನ್ನು ಹಸಿರು ಶಾಯಿಯಲ್ಲಿ ಬರೆದು ಬಣ್ಣ ಹೇಳಿ ಅಂದರೆ ಬಹುತೇಕ ಎಲ್ಲರೂ ತಡವರಿಸುತ್ತಾರೆ, ಆದರೆ ಒಬ್ಬೊಬ್ಬರ ವೇಗ ಒಂದೊಂದು ಥರ, ಹಾಗಾಗಿ ಅವರನ್ನು ಅವರ ಜೊತೆಗೇ ಹೋಲಿಸಬೇಕು. ಅರ್ಧ ಜನಕ್ಕೆ ಸುಲಭದ್ದು (ಪದ, ಶಾಯಿ ಎರಡೂ ಒಂದೇ ಬಣ್ಣ) ಮೊದಲು, ಉಳಿದವರಿಗೆ ಕಷ್ಟದ್ದು (ಬೇರೆ ಬೇರೆ ಬಣ್ಣ) ಮೊದಲು ಕೊಡಿ. ಇಲ್ಲದಿದ್ದರೆ ಅಭ್ಯಾಸವೋ ಸುಸ್ತೋ ಲೆಕ್ಕ ಕೆಡಿಸುತ್ತದೆ. ವಿಶ್ಲೇಷಣೆಗೆ ಪೇರ್ಡ್ ಟಿ-ಟೆಸ್ಟ್, ಅಂದರೆ ಒಬ್ಬೊಬ್ಬರ ಎರಡು ಅಳತೆಗಳ ಅಂತರವನ್ನು ನೋಡುವ ಪರೀಕ್ಷೆ.

ಏನನ್ನಾದರೂ ಕಲಿಸುವ ಪ್ರಯೋಗವಾದರೆ? ಕಲಿತದ್ದನ್ನು ಮರೆಸಲು ಆಗುವುದಿಲ್ಲ ಅಲ್ವಾ, ಅಲ್ಲಿ ಎರಡು ಗುಂಪೇ ಗತಿ. ಸ್ನೇಹಿತರನ್ನೆಲ್ಲ ಸುಮ್ನೆ ಒಂದೇ ಕಡೆ ಸೇರಿಸಬೇಡಿ, ಚೀಟಿ ಎತ್ತಿ ಹಂಚಿ.