ಹೆಸರು, ಹಾಸ್ಟೆಲ್, ಊರು: ಹಾಕಿ ತಂಡ ಕಟ್ಟುವ ಮೂರು ದಾರಿಗಳ ಹೋಲಿಕೆ

ಕಾಫಿ ಕೊಯ್ಲು ಮುಗಿದು ಬೇಸಿಗೆ ಟೂರ್ನಿಗಳು ಹತ್ತಿರ ಬಂದರೆ ಕೊಡಗಿನಲ್ಲಿ ತಂಡ ಕಟ್ಟುವ ಮಾತು ಶುರುವಾಗುತ್ತದೆ. ಓಪನ್ ಟೂರ್ನಿಗೆ ಇಳಿಯುವ ಕ್ಲಬ್ಬಿನ ಮುಂದೆ ಮೂರು ದಾರಿಗಳಿವೆ. ಹೆಸರಿರುವ ಅತಿಥಿ ಆಟಗಾರರನ್ನು ಬೆಂಗಳೂರಿನಿಂದ ದುಡ್ಡು ಕೊಟ್ಟು ಕರೆಸಬಹುದು. ಕೂಡಿಗೆ, ಪೊನ್ನಂಪೇಟೆ, ಮಡಿಕೇರಿ ಕಡೆಯ ಕ್ರೀಡಾ ಹಾಸ್ಟೆಲ್ ಹುಡುಗರನ್ನು ನಂಬಬಹುದು. ಇಲ್ಲವೇ ಊರಲ್ಲೇ ಆಡಿ ಪಳಗಿದವರನ್ನು ಒಟ್ಟು ಹಾಕಬಹುದು. ಹಾಕಿ ಇಂಡಿಯಾ ಲೀಗ್‌ನ ಹರಾಜಿನಲ್ಲೂ ಲೆಕ್ಕಾಚಾರ ಇದೇ, ಸೊನ್ನೆಗಳು ಜಾಸ್ತಿ ಅಷ್ಟೆ. ಮೂರನ್ನೂ ಮಣ್ಣಿನ ಮೈದಾನದಲ್ಲೂ ಟರ್ಫ್ (ಕೃತಕ ಹುಲ್ಲು) ಮೇಲೂ ಆಡಿಸಿ ನೋಡಿದ ಮೇಲೆ ನಮ್ಮ ಅಭಿಪ್ರಾಯ ಇಷ್ಟು: ಒಂದು ಸೀಸನ್‌ನಲ್ಲಿ ಮನೆಯಲ್ಲೇ ತಯಾರು ಮಾಡಲಾಗದ ಜಾಗಕ್ಕೆ ಮಾತ್ರ ದುಡ್ಡು ಹಾಕಬೇಕು. ಹಾಕಿಯಲ್ಲಿ ಅಂಥ ಜಾಗ ಮುಖ್ಯವಾಗಿ ಎರಡು: ಗೋಲ್‌ಕೀಪರ್ ಮತ್ತು ಪೆನಾಲ್ಟಿ ಕಾರ್ನರ್ (ಗೋಲಿನ ಬಳಿ ಎದುರಾಳಿ ತಪ್ಪು ಮಾಡಿದಾಗ ಸಿಗುವ, ಗೆರೆಯಿಂದ ತಳ್ಳಿದ ಚೆಂಡನ್ನು ಗೋಲಿಗೆ ಹೊಡೆಯುವ ಅವಕಾಶ) ಹೊಡೆಯುವವ; ಅವೆರಡರ ನಂತರ ಮಧ್ಯದ ಸಾಲಿನ ಸೆಂಟರ್ ಹಾಫ್. ಆದರೆ ಹೆಚ್ಚಿನವರು ದುಡ್ಡು ಹಾಕುವುದು ಸೆಂಟರ್ ಫಾರ್ವರ್ಡ್ ಮೇಲೆ.

ಮೊದಲು ನಿಮಿಷಗಳ ಲೆಕ್ಕ

ತಂಡ ಎಂದರೆ ಹನ್ನೊಂದು ಜನ ಎಂದುಕೊಂಡು ಪಟ್ಟಿ ಬರೆಯಲು ಕೂತರೆ ಅಲ್ಲೇ ಎಡವಟ್ಟು. ಈಗಿನ ಹಾಕಿಯಲ್ಲಿ 15 ನಿಮಿಷದ ನಾಲ್ಕು ಕ್ವಾರ್ಟರ್. ಬದಲಾವಣೆಗೆ ಮಿತಿಯಿಲ್ಲ, ಹೊರಗೆ ಹೋದವ ಮತ್ತೆ ಒಳಗೆ ಬರಬಹುದು. ಕೀಪರನ್ನು ಬಿಟ್ಟು 10 ಜಾಗ, 60 ನಿಮಿಷ; ಒಟ್ಟು 600 ನಿಮಿಷದ ಓಟವನ್ನು ಹಂಚಬೇಕು. 16 ಜನರ ಪಟ್ಟಿಯಲ್ಲಿ ಇಬ್ಬರು ಕೀಪರ್ ಹೋದರೆ ಉಳಿಯುವವರು 14. ಹಿಂದಿನ ನಾಲ್ಕು ಜಾಗಕ್ಕೆ 5 ಜನ ಇಟ್ಟರೆ ತಲಾ 48 ನಿಮಿಷ. ಮಧ್ಯದ ಮೂರಕ್ಕೆ 4 ಜನ, ತಲಾ 45. ಮುಂದಿನ ಮೂರಕ್ಕೆ 5 ಜನ, ತಲಾ 36.

ಮುಂದಿನವರ ಪಾಲಿಗೆ ಕಡಿಮೆ ನಿಮಿಷ ಇಡಲು ಕಾರಣ ಇದೆ. ಎದುರಾಳಿಯ ಬ್ಯಾಕ್‌ಗಳನ್ನು ಅಟ್ಟುವ ಕೆಲಸ ಅವರದು, ಅದು ಪೂರ್ತಿ ಜೋರಿನ ಓಟ. 5–6 ನಿಮಿಷಕ್ಕೊಮ್ಮೆ ಹೊರಗೆ ಕರೆಯದಿದ್ದರೆ ಮೂರನೇ ಕ್ವಾರ್ಟರ್ ಹೊತ್ತಿಗೆ ಅಟ್ಟುವುದನ್ನು ನಿಲ್ಲಿಸಿ ನಡೆಯಲು ಶುರು ಮಾಡುತ್ತಾರೆ. ಆಮೇಲೆ ಚೆಂಡು ಆರಾಮಾಗಿ ನಮ್ಮ ಅರ್ಧಕ್ಕೆ ಬರುತ್ತದೆ, ಗೋಲ್ ಬೀಳುತ್ತದೆ, ಬೈಗುಳ ಡಿಫೆನ್ಸ್‌ಗೆ ಸಿಗುತ್ತದೆ. ಎಷ್ಟೇ ದೊಡ್ಡ ಫಾರ್ವರ್ಡ್ ತಂದರೂ ಆತ 36–40 ನಿಮಿಷದ ಆಟಗಾರ. ಕೀಪರ್ ಪೂರ್ತಿ 60 ನಿಮಿಷ ನಿಲ್ಲುತ್ತಾನೆ. ಕೊಡುವ ದುಡ್ಡನ್ನು ನಿಮಿಷಕ್ಕೆ ಭಾಗಿಸಿ ನೋಡಿದರೆ ಯಾರು ದುಬಾರಿ ಎಂದು ಗೊತ್ತಾಗುತ್ತದೆ.

ಹೆಸರಿಗೆ ದುಡ್ಡು

ಅತಿಥಿ ಆಟಗಾರನಿಂದ ಮೊದಲ ದಿನವೇ ಸಿಗುವುದು ಮೊದಲ ಟಚ್, ಒತ್ತಡದಲ್ಲಿ ತಾಳ್ಮೆ, ಹಿಂದಿನಿಂದ ಎತ್ತಿ ಎಸೆಯುವ ಏರಿಯಲ್ ಚೆಂಡು. ಎದುರಿನವರಿಗೆ ಸ್ವಲ್ಪ ಭಯವೂ ಇರುತ್ತದೆ, ಸುಳ್ಳಲ್ಲ.

ಕೆಡುವುದು ಎರಡು ಕಡೆ. ಒಂದು, ಬರುವ ವಿಷಯ. ಒಳ್ಳೆಯವರೆಲ್ಲ ಯಾವುದಾದರೂ ಇಲಾಖೆಯ ಅಥವಾ ಸೇನೆಯ ತಂಡದಲ್ಲಿರುತ್ತಾರೆ. ರಜೆ ಬೇಕು, ಅನುಮತಿ ಪತ್ರ ಬೇಕು. ಕ್ವಾರ್ಟರ್ ಫೈನಲ್‌ಗೆ ಬಂದವ ಫೈನಲ್‌ಗೆ ಇರದಿರಬಹುದು. ಹಾಗಾಗಿ ಪೂರ್ತಿ ಟೂರ್ನಿಗೆ ಅನುಮತಿ ಪತ್ರ ಕೈಗೆ ಬಂದ ಮೇಲೆಯೇ ಹೆಸರು ನೋಂದಾಯಿಸಿ. ಪ್ರಯಾಣ, ಉಳಿಯುವ ವ್ಯವಸ್ಥೆ, ಗಾಯವಾದರೆ ಖರ್ಚು ಯಾರದು ಎಂಬುದನ್ನು ಮೊದಲೇ ಬರೆದಿಡಿ. ಅರ್ಧ ಹಣ ಬಂದ ದಿನ, ಅರ್ಧ ಕೊನೆಯ ಪಂದ್ಯದ ನಂತರ. ಗೋಲಿಗೆ ಇಷ್ಟು ಎಂದು ಬೋನಸ್ ಮಾತ್ರ ಇಡಬೇಡಿ. ಪಕ್ಕದಲ್ಲಿ ಖಾಲಿ ನಿಂತವನಿಗೆ ಪಾಸ್ ಕೊಡುವ ಬದಲು ಸೊನ್ನೆ ಕೋನದಿಂದ ಹೊಡೆಯುವ ಚಾಳಿ ಅಲ್ಲಿಂದಲೇ ಹತ್ತುವುದು.

ಎರಡನೆಯದು ಊರಿನ ಹುಡುಗರಿಗೆ ಆಗುವುದು. ಮಧ್ಯದಲ್ಲಿ ದೊಡ್ಡ ಹೆಸರು ನಿಂತ ಕೂಡಲೇ ಉಳಿದವರು ಓಡುವುದನ್ನು ಬಿಟ್ಟು ಚೆಂಡು ಸಿಕ್ಕಾಗಲೆಲ್ಲ ಅವನಿಗೇ ಕೊಡುತ್ತಾರೆ. ಎದುರಾಳಿ ಕೋಚ್ ಹತ್ತು ನಿಮಿಷದಲ್ಲಿ ಇದನ್ನು ಗಮನಿಸಿ ಒಬ್ಬನನ್ನು ಅವನ ಬೆನ್ನಿಗೆ ಅಂಟಿಸುತ್ತಾನೆ, ಅಲ್ಲಿಗೆ ಆಟ ನಿಂತಿತು. 16ರಲ್ಲಿ ಅತಿಥಿಗಳು ನಾಲ್ಕು ದಾಟಿದರೆ ಲಾಭಕ್ಕಿಂತ ಗೊಂದಲ ಹೆಚ್ಚು, ಮೂವರೊಳಗಿದ್ದರೆ ಒಳ್ಳೆಯದು.

ಹಾಗಂತ ಹೆಸರಿಗೆ ದುಡ್ಡು ಹಾಕುವುದೇ ತಪ್ಪು ಎಂದಲ್ಲ. ಯಾವ ಜಾಗದ ಹೆಸರು ಎಂಬುದು ಮುಖ್ಯ. 2024ರ ಅಕ್ಟೋಬರ್‌ನಲ್ಲಿ ನಡೆದ ಹಾಕಿ ಇಂಡಿಯಾ ಲೀಗ್ ಹರಾಜಿನಲ್ಲಿ ಪುರುಷರ ತಂಡಕ್ಕೆ 4 ಕೋಟಿ ರೂಪಾಯಿ ಮಿತಿ, 24 ಆಟಗಾರರು, ಅವರಲ್ಲಿ 8 ವಿದೇಶಿಯರು. ಅತಿ ಹೆಚ್ಚು ಬೆಲೆ ಬಂದದ್ದು ಹರ್ಮನ್‌ಪ್ರೀತ್ ಸಿಂಗ್‌ಗೆ, ಸೂರ್ಮಾ ತಂಡ 78 ಲಕ್ಷ ಕೊಟ್ಟಿತು. ಒಟ್ಟು ಹಣದ ಸುಮಾರು ಐದರಲ್ಲೊಂದು ಪಾಲು. ಕೇಳಲು ಅತಿಯೆನಿಸಿದರೂ ಆತ ಡಿಫೆಂಡರ್, ಮೇಲಾಗಿ ಕಾರ್ನರ್ ಹೊಡೆಯುವವ. ಮೈದಾನದಲ್ಲಿ ಹೆಚ್ಚು ಹೊತ್ತು ಇರುವ ಜಾಗವನ್ನೂ ಗೋಲ್ ತರುವ ಜಾಗವನ್ನೂ ಒಬ್ಬನೇ ತುಂಬುತ್ತಾನೆ. ಹೈದರಾಬಾದ್ ತೂಫಾನ್ಸ್ ಕಾರ್ನರ್ ತಜ್ಞ ಗೊಂಜಾಲೊ ಪೇಯ್ಯಾಟ್‌ಗೆ 68 ಲಕ್ಷ ಕೊಟ್ಟಿತು. 2025ರ ಫೆಬ್ರುವರಿ 1ರಂದು ರೂರ್ಕೆಲಾದ ಫೈನಲ್‌ನಲ್ಲಿ ಅದೇ ಹೈದರಾಬಾದ್‌ಗೆ ಬೆಂಗಾಲ್ ಟೈಗರ್ಸ್ ಎದುರು 4–3ರ ಸೋಲು. ಬೆಂಗಾಲ್‌ನ ನಾಲ್ಕರಲ್ಲಿ ಮೂರು ಗೋಲ್ ಇನ್ನೊಬ್ಬ ಡ್ರ್ಯಾಗ್ ಫ್ಲಿಕರ್ (ಕಾರ್ನರ್‌ನಲ್ಲಿ ಚೆಂಡನ್ನು ಸ್ಟಿಕ್ಕಿನಿಂದ ಎಳೆದು ಗೋಲಿಗೆ ಎಸೆಯುವವ) ಜುಗ್ರಾಜ್ ಸಿಂಗ್‌ದು.

ಕ್ರಿಕೆಟ್ ಉದಾಹರಣೆ ಎರಡೂ ಕಡೆಗೆ ವಾಲುತ್ತದೆ. 2025ರ ಐಪಿಎಲ್‌ಗೆ ತಂಡಗಳ ಮಿತಿ 120 ಕೋಟಿ. 27 ಕೋಟಿಗೆ ರಿಷಭ್ ಪಂತ್‌ನನ್ನು ಕೊಂಡ ಲಖನೌ ಏಳನೇ ಸ್ಥಾನಕ್ಕೆ ಇಳಿಯಿತು. ಆದರೆ 26.75 ಕೋಟಿಯ ಶ್ರೇಯಸ್ ಅಯ್ಯರ್ ಪಂಜಾಬನ್ನು ಫೈನಲ್‌ವರೆಗೆ ಕರೆದೊಯ್ದ. ಅಲ್ಲಿ ಗೆದ್ದದ್ದು ಆರ್‌ಸಿಬಿ. ಕೊಹ್ಲಿಯನ್ನು 21 ಕೋಟಿಗೆ ಉಳಿಸಿಕೊಂಡು, ಹರಾಜಿನಲ್ಲಿ ಯಾರಿಗೂ 12.5 ಕೋಟಿಗಿಂತ ಹೆಚ್ಚು ಕೊಡದೆ, ಹೇಜಲ್‌ವುಡ್, ಸಾಲ್ಟ್, ಜಿತೇಶ್, ಭುವನೇಶ್ವರ್ ಹೀಗೆ ಒಂದೊಂದು ಕೆಲಸಕ್ಕೆ ಒಬ್ಬೊಬ್ಬರನ್ನು ಹುಡುಕಿ ಹಣ ಹರಡಿದ ತಂಡ ಅದು.

ಬೆಲೆಯನ್ನು ನಿಯಮವೂ ನಿರ್ಧರಿಸುತ್ತದೆ. 2016ರ ಹಾಕಿ ಇಂಡಿಯಾ ಲೀಗ್‌ನಲ್ಲಿ ಆಟ ನಡೆಯುತ್ತಿರುವಾಗಲೇ ಹೊಡೆದ ಫೀಲ್ಡ್ ಗೋಲಿಗೆ ಎರಡು ಎಣಿಕೆ, ಪೆನಾಲ್ಟಿ ಕಾರ್ನರ್ ಗೋಲಿಗೆ ಒಂದೇ. ಅಂಥ ನಿಯಮವಿದ್ದರೆ ನಾವು ಕಾರ್ನರ್‌ಗೆ ಕೊಡುತ್ತಿರುವ ತೂಕವನ್ನೆಲ್ಲ ಮತ್ತೆ ಹಾಕಿ ನೋಡಬೇಕು. ಟೂರ್ನಿಯ ನಿಯಮ ಪುಸ್ತಕ ಓದದೆ ಆಟಗಾರನನ್ನು ಮಾತನಾಡಿಸಬಾರದು.

ಕಾರ್ನರ್ ಹೊಡೆಯುವವ ಒಬ್ಬನೇ ಸಾಲದು

ಹೆಚ್ಚು ಜನ ಎಡವುವುದು ಇಲ್ಲಿ. ಪೆನಾಲ್ಟಿ ಕಾರ್ನರ್ ಸಿಕ್ಕ ಕ್ಷಣದಿಂದ ಅದು ಮುಗಿಯುವವರೆಗೆ ಬದಲಾವಣೆ ಇಲ್ಲ; ವಿನಾಯಿತಿ ಇರುವುದು ಗಾಯಗೊಂಡ ಅಥವಾ ಕಾರ್ಡ್ ಪಡೆದ ಡಿಫೆಂಡಿಂಗ್ ಕೀಪರ್‌ಗಷ್ಟೆ. ದುಬಾರಿ ಡ್ರ್ಯಾಗ್ ಫ್ಲಿಕರ್ ಆ ಹೊತ್ತಿಗೆ ಬೆಂಚಿನ ಮೇಲೆ ನೀರು ಕುಡಿಯುತ್ತಿದ್ದರೆ ಒಳಗೆ ಓಡಿ ಬರುವಂತಿಲ್ಲ. ಆದ್ದರಿಂದ ಇಬ್ಬರು ಹೊಡೆಯುವವರು ಬೇಕು, ಅವರಲ್ಲೊಬ್ಬ ಸದಾ ಮೈದಾನದಲ್ಲಿರುವಂತೆ ಬದಲಾವಣೆಯ ಪಟ್ಟಿ ಬರೆಯಬೇಕು. ಗೆರೆಯಿಂದ ಚೆಂಡು ತಳ್ಳುವ ಪುಷರ್, ಅದನ್ನು ತಡೆಯುವ ಸ್ಟಾಪರ್ ಇಬ್ಬರಿಗೂ ಇದೇ ಮಾತು. ಮೂವರ ಜೋಡಣೆ ಎರಡು ಸೆಟ್ ಇದ್ದರೆ ಆರು ಜನ ಬೇಕೆಂದಿಲ್ಲ. ಬ್ಯಾಕ್ ಒಬ್ಬ ಎರಡೂ ಸೆಟ್‌ಗೆ ಸ್ಟಾಪರ್ ಆದರೆ ಸಾಕು, ಹೇಗೂ ಆತ ಹೆಚ್ಚು ಹೊತ್ತು ಒಳಗಿರುತ್ತಾನೆ.

ಇನ್ನೊಂದು, ಮೈದಾನ. ಪೊನ್ನಂಪೇಟೆ, ಸೋಮವಾರಪೇಟೆ, ಕೂಡಿಗೆಯ ಟರ್ಫ್ ಮೇಲೆ ಡ್ರ್ಯಾಗ್ ಫ್ಲಿಕ್ ರಾಜ. ನಾಪೋಕ್ಲುವಿನ ಚೆರಿಯಪರಂಬುವಿನಂಥ ಮಣ್ಣಿನ ಮೈದಾನದಲ್ಲಿ ಅದೇ ಹುಡುಗ ಅರ್ಧ. ತಳ್ಳಿದ ಚೆಂಡು ಪುಟಿಯುತ್ತಾ ಬರುತ್ತದೆ, ಸ್ಟಾಪರ್ ಹತ್ತಿರ ಸತ್ತು ನಿಲ್ಲುವುದಿಲ್ಲ. ಸ್ಟಿಕ್ಕಿನ ಕೊಕ್ಕೆಯಲ್ಲಿ ಕೂರಿಸಿ ಎಳೆಯುವಾಗ ಮಣ್ಣಿನ ಉಬ್ಬಿಗೆ ತಾಗಿ ಜಾರಿಬಿಡುತ್ತದೆ. ಫ್ಲಿಕ್‌ಗೆಂದೇ ಕೆಳಗೆ ಹೆಚ್ಚು ಬಾಗಿದ ಸ್ಟಿಕ್ ಹಿಡಿದವನಿಗೆ ನೇರ ಹೊಡೆತವೂ ಎತ್ತರಕ್ಕೆ ಹೋಗುತ್ತದೆ. ಕಾರ್ನರ್‌ನ ಮೊದಲ ಹೊಡೆತ ಹಿಟ್ ಆಗಿದ್ದರೆ ಗೋಲ್ ಗೆರೆ ದಾಟುವಾಗ 460 ಮಿಲಿಮೀಟರ್, ಅಂದರೆ ಗೋಲಿನ ಒಳಗಿನ ಹಲಗೆಯ ಎತ್ತರ ಮೀರುವಂತಿಲ್ಲ. ಫ್ಲಿಕ್‌ಗೆ ಆ ಮಿತಿ ಇಲ್ಲ. ಹಾಗಾಗಿ ಮಣ್ಣಿನ ಟೂರ್ನಿಗೆ ಬೇಕಾದ್ದು ಹಲಗೆಗೆ ಬಡಿಯುವಂತೆ ನೆಲಕ್ಕಂಟಿ ಹೊಡೆಯುವ ಹಳೆ ಕಾಲದ ಹಿಟ್ಟರ್. ಅಂಥವರು ಪ್ರತಿ ನಾಡಿನಲ್ಲೂ ಒಬ್ಬಿಬ್ಬರು ಇರುತ್ತಾರೆ, ಬೆಂಗಳೂರಿಗೆ ಫೋನ್ ಮಾಡಬೇಕಿಲ್ಲ.

ಪರೀಕ್ಷೆ ಸುಲಭ. ಆಡುವ ಮೈದಾನದಲ್ಲೇ 30 ಚೆಂಡು ತಳ್ಳಿಸಿ, ಸ್ಟಾಪರ್ ಎಷ್ಟನ್ನು ಮೊದಲ ಸಲಕ್ಕೇ ಸತ್ತ ಹಾಗೆ ನಿಲ್ಲಿಸಿದ ಎಂದು ಎಣಿಸಿ. 24ಕ್ಕಿಂತ ಕಡಿಮೆಯಾದರೆ ಫ್ಲಿಕ್ ಮರೆತು ಹಿಟ್‌ಗೆ, ಇಲ್ಲವೇ ಎಡಕ್ಕೆ ಜಾರಿಸಿ ಕೊಡುವ ವೇರಿಯೇಷನ್‌ಗೆ ಹೋಗಿ. ಫ್ಲಿಕರ್‌ಗೆ ದುಡ್ಡು ಕೊಟ್ಟು ಸ್ಟಾಪರನ್ನು ಪಂದ್ಯದ ಬೆಳಿಗ್ಗೆ ಹುಡುಕುವವರೇ ಜಾಸ್ತಿ.

ಕೊಡಗು ಎ.ಬಿ. ಸುಬ್ಬಯ್ಯ ಅವರಂಥ ಕೀಪರನ್ನೂ ಲೆನ್ ಅಯ್ಯಪ್ಪ, ವಿ.ಆರ್. ರಘುನಾಥ್ ಅವರಂಥ ಡ್ರ್ಯಾಗ್ ಫ್ಲಿಕರ್‌ಗಳನ್ನೂ ದೇಶಕ್ಕೆ ಕೊಟ್ಟ ನೆಲ. ಇಲ್ಲಿ ತಯಾರಾಗುವುದಿಲ್ಲ ಎಂದು ಯಾರೂ ಹೇಳುವುದಿಲ್ಲ. ವರ್ಷಗಟ್ಟಲೆ ಬೇಕು, ಅಷ್ಟೆ.

ಹಾಸ್ಟೆಲ್ ಹುಡುಗರು

ದಮ್ಮಿನ ಮಾತು ಬಂದರೆ ಇವರನ್ನು ಮೀರಿಸುವವರಿಲ್ಲ. ಬೆಳಿಗ್ಗೆ ಸಂಜೆ ಟರ್ಫ್ ಮೇಲೆ ಓಡಿದವರು. ನಾಲ್ಕನೇ ಕ್ವಾರ್ಟರ್‌ನಲ್ಲಿ ಅತಿಥಿಗಳು ಸೊಂಟಕ್ಕೆ ಕೈಕೊಟ್ಟು ನಿಂತಾಗ ಇವರು ಇನ್ನೂ ಅಟ್ಟುತ್ತಿರುತ್ತಾರೆ. ಒಟ್ಟಿಗೆ ಆಡಿದ ಅಭ್ಯಾಸವೂ ಇದೆ: ಯಾರು ಎಲ್ಲಿಗೆ ಓಡುತ್ತಾರೆ ಎಂದು ಕೂಗಿ ಹೇಳಬೇಕಿಲ್ಲ. ಪಂದ್ಯ ಸಮವಾದಾಗ ಕೀಪರ್ ಎದುರು ಒಬ್ಬನೇ ಆಡುವ ಶೂಟೌಟ್‌ನ 8 ಸೆಕೆಂಡಿನ ಆಟವೂ ಹಿರಿಯರಿಗಿಂತ ಇವರಿಗೇ ಚೆನ್ನಾಗಿ ಗೊತ್ತು.

ತೊಂದರೆ ಸರ್ಕಲ್ ಒಳಗೆ, ಅಂದರೆ ಗೋಲಿನ ಮುಂದಿನ ಅರ್ಧವೃತ್ತದಲ್ಲಿ. ಸ್ಟಿಕ್ ಬೀಸಿ ಟ್ಯಾಕಲ್ ಮಾಡುತ್ತಾರೆ, ಚೆಂಡು ಕಾಲಿಗೆ ತಾಗುತ್ತದೆ, ಎದುರಾಳಿಗೆ ಕಾರ್ನರ್. ಮಣ್ಣಿನ ಮೇಲೆ ಇದು ಹೆಚ್ಚು, ಟರ್ಫ್‌ಗೆ ಒಗ್ಗಿದ ಕೈಗೆ ಪುಟಿಯುವ ಚೆಂಡು ಸಿಗುವುದಿಲ್ಲ. ಮೂರು ನಾಲ್ಕು ದಿನ ಮೊದಲೇ ಮಣ್ಣಿನಲ್ಲಿ ಇಳಿಸಿ ಬರೀ ಟ್ರ್ಯಾಪಿಂಗ್ ಮಾಡಿಸಿದರೆ ಅರ್ಧ ಸರಿಹೋಗುತ್ತದೆ. ಟ್ಯಾಕಲ್ ಅಷ್ಟು ಬೇಗ ಸರಿಯಾಗದು, ಅದಕ್ಕೇ ಇವರನ್ನು ಮಧ್ಯದಲ್ಲೂ ಮುಂದೆಯೂ ಇಡಿ, ಹಿಂದಿನ ಸಾಲಿನಲ್ಲಿ ಒಬ್ಬನಿಗಿಂತ ಹೆಚ್ಚು ಬೇಡ. ಕಾರ್ಡಿನ ಬುದ್ಧಿಯೂ ಹೇಳಬೇಕು. ಹಸಿರು ಕಾರ್ಡ್ ಸಿಕ್ಕರೆ ಎರಡು ನಿಮಿಷ ಹೊರಗೆ, ಹಳದಿಗೆ ಕನಿಷ್ಠ ಐದು. ಅಂಪೈರ್ ಜೊತೆ ವಾದಕ್ಕಿಳಿದು ಹತ್ತು ಜನರಾಗಿ ಆಡುವ ಎರಡು ನಿಮಿಷದಲ್ಲೇ ಎಷ್ಟೋ ಪಂದ್ಯ ಕೈತಪ್ಪಿವೆ. ಕಳಿಸಲು ಹಾಸ್ಟೆಲ್‌ನ ಅನುಮತಿ ಬೇಕು, ಪರೀಕ್ಷೆಯ ತಾರೀಕು ನೋಡಿಕೊಂಡು ಕೇಳಿ.

ಊರಿನವರು

ಈ ದಾರಿಯ ಅತಿ ದೊಡ್ಡ ಪ್ರಯೋಗ ನಮ್ಮ ಕಣ್ಣೆದುರೇ ನಡೆಯುತ್ತಿದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ 60 ಕುಟುಂಬಗಳೊಂದಿಗೆ ಶುರು ಮಾಡಿದ ಕೊಡವ ಕೌಟುಂಬಿಕ ಹಾಕಿಯಲ್ಲಿ 2024ರ ಕುಂಡ್ಯೋಳಂಡ ಕಪ್‌ಗೆ 360 ಕುಟುಂಬಗಳು, 2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್‌ಗೆ 396 ಕುಟುಂಬಗಳು ಇಳಿದವು. ಅಲ್ಲಿ ಹರಾಜೂ ಇಲ್ಲ, ವರ್ಗಾವಣೆಯೂ ಇಲ್ಲ. ಒಕ್ಕದಲ್ಲಿ, ಅಂದರೆ ಒಂದೇ ಮನೆತನದಲ್ಲಿ ಇರುವವರೇ ತಂಡ. ಹೆಂಗಸರು, ಶಾಲೆಯ ಹುಡುಗರು, ನಿವೃತ್ತ ಸೈನಿಕರು ಒಂದೇ ಜರ್ಸಿಯಲ್ಲಿ. ಕೊಳ್ಳಲಾಗದ ಕಡೆ ಉಳಿಯುವುದು ಕೂರಿಸುವ ಜಾಣ್ಮೆ ಮಾತ್ರ. ಅಲ್ಲಿ ಮುಂದೆ ಹೋಗುವ ತಂಡಗಳನ್ನು ಗಮನಿಸಿದರೆ ಫಾರ್ವರ್ಡ್‌ಗಳಿಗಿಂತ ಮೊದಲು ಕಾಣುವುದು ನಂಬಿಕೆಯ ಕೀಪರ್, ಮಧ್ಯದಲ್ಲಿ ನಿಂತು ಕೂಗುವ ಒಬ್ಬ ಸೆಂಟರ್ ಹಾಫ್.

ಊರಿನ ಹಿರಿಯ ಆಟಗಾರ ಚೆಂಡು ಎಲ್ಲಿ ಪುಟಿಯುತ್ತದೆ ಎಂದು ಕಣ್ಣು ಮುಚ್ಚಿ ಹೇಳುತ್ತಾನೆ, ಫುಲ್ ಬ್ಯಾಕ್ ಜಾಗದಿಂದ ಹೊಡೆದರೆ ಚೆಂಡು ಆಚೆ ಅರ್ಧದಲ್ಲಿರುತ್ತದೆ. ಆದರೆ ದಿನ ಬಿಟ್ಟು ದಿನ ಪಂದ್ಯ ಬಂದರೆ ತೊಡೆ ಹಿಡಿಯುತ್ತದೆ. 48 ನಿಮಿಷ ಅವನಿಂದ ಸಿಗದು, 30 ಎಂದು ಲೆಕ್ಕ ಹಾಕಿ ಆರನೇ ಬ್ಯಾಕ್ ಒಬ್ಬನನ್ನು ಇಟ್ಟುಕೊಳ್ಳಿ, ಫಾರ್ವರ್ಡ್ ಒಬ್ಬನನ್ನು ಬಿಡಿ.

ಹಾಗಾದರೆ 16 ಜನ ಯಾರು

ಮಣ್ಣಿನ ಓಪನ್ ಟೂರ್ನಿಗೆ: ಅತಿಥಿಗಳು ಇಬ್ಬರೇ, ಕೀಪರ್ ಮತ್ತು, ಕಾರ್ನರ್ ಹೊಡೆಯುವವ ಊರಲ್ಲೇ ಸಿಗುವುದರಿಂದ, ಸೆಂಟರ್ ಹಾಫ್. ಹಿಂದಿನ ಸಾಲಿಗೆ ಊರಿನ ಐದು ಜನ, ಹಿಟ್ಟರ್ ಅವರಲ್ಲೇ ಇರುತ್ತಾನೆ. ಉಳಿದ ಎಂಟು ಹಾಸ್ಟೆಲ್ ಹುಡುಗರು, ಜೊತೆಗೆ ಊರಿನ ಎರಡನೇ ಕೀಪರ್. ಟರ್ಫ್ ಟೂರ್ನಿಗೆ ಇದರಲ್ಲಿ ಎರಡು ಬದಲಾವಣೆ: ಊರಿನ ಬ್ಯಾಕ್‌ಗಳಲ್ಲಿ ಒಬ್ಬನನ್ನು ಬಿಟ್ಟು ಡ್ರ್ಯಾಗ್ ಫ್ಲಿಕ್ ಬಲ್ಲ ಅತಿಥಿ ಡಿಫೆಂಡರ್‌ನನ್ನು ಮೂರನೆಯವನಾಗಿ ತನ್ನಿ, ಇನ್ನೊಬ್ಬನ ಜಾಗಕ್ಕೆ ಹಾಸ್ಟೆಲ್‌ನಿಂದ ಮತ್ತೊಬ್ಬ ಬರಲಿ. ಅತಿಥಿಗಳು ಮೊದಲ ಪಂದ್ಯಕ್ಕೆ ಎರಡು ದಿನ ಮುಂಚೆ ಬರಬೇಕು. ಮೊದಲ ದಿನ ಬರೀ ಕಾರ್ನರ್, ಹೊಡೆಯುವುದೂ ತಡೆಯುವುದೂ. ತಡೆಯುವಾಗ ಕೀಪರ್ ಸೇರಿ ಐವರೇ, ಮೊದಲು ಓಡುವ ರನ್ನರ್ ಯಾರೆಂದು ಕೀಪರ್‌ನೇ ಆರಿಸಲಿ, ಏಕೆಂದರೆ ರನ್ನರ್ ಯಾವ ಕೋನ ಮುಚ್ಚುತ್ತಾನೋ ಅದರ ಮೇಲೆ ಕೀಪರ್ ನಿಲ್ಲುವ ಜಾಗ ತೀರ್ಮಾನವಾಗುತ್ತದೆ. ಎರಡನೇ ದಿನ 15 ನಿಮಿಷದ ಎರಡು ಆಟ, ಪಂದ್ಯದ ದಿನದ ಬದಲಾವಣೆ ಪಟ್ಟಿಯನ್ನೇ ಹಿಡಿದು.

ಎರಡನೇ ಕೀಪರನ್ನು ಹೆಸರಿಗೆ ಮಾತ್ರ ಸೇರಿಸಬೇಡಿ. ಲೀಗ್ ಹಂತದ ಒಂದು ಪಂದ್ಯದಲ್ಲಾದರೂ ಪೂರ್ತಿ ಒಂದು ಕ್ವಾರ್ಟರ್ ಆಡಿಸಿ. ಅವನ ಪ್ಯಾಡು, ಕಿಕ್ಕರ್, ಹೆಲ್ಮೆಟ್ ಬೇರೆಯೇ ಇರಲಿ. ಮೊದಲನೆಯವನ ಬೆವರು ಹಿಡಿದ ಕಿಟ್ಟನ್ನು ಬಿಚ್ಚಿ ಕಟ್ಟುವಷ್ಟು ಹೊತ್ತು ಯಾವ ಅಂಪೈರೂ ಕಾಯುವುದಿಲ್ಲ.